ಮಣ್ಣಿಗೆ ತಕ್ಕ ಗ್ಲೇಜ್: ಮಧ್ಯಮ ಉರಿಯ ಮೀಮಾಂಸೆ

1. ಪ್ರತಿಜ್ಞೆ

ಕೈಯಿಂದ ಮಾಡಿದ ಬಟ್ಟಲಿಗೆ ಗ್ಲೇಜ್ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಬಣ್ಣವನ್ನು. ನೀಲಿ ಇರಲೋ, ಹಸಿರೋ, ಜೇನಿನ ಕಂದೋ? ಈ ಪ್ರಶ್ನೆ ಕೊನೆಯಲ್ಲಿ ಬರಬೇಕು ಎಂಬುದೇ ಈ ಬರಹದ ವಾದ. ಮೊದಲು ನೋಡಬೇಕಾದ್ದು ಮಣ್ಣು. ಆಮೇಲೆ ಉರಿ. ಆಮೇಲೆ ಆ ಪಾತ್ರೆಯಲ್ಲಿ ಉಣ್ಣುವ, ಕುಡಿಯುವ ಪದಾರ್ಥ. ಈ ಮೂರಕ್ಕೂ ಒಪ್ಪಿದ ಗ್ಲೇಜುಗಳೊಳಗೆ ಕಣ್ಣಿಗೆ ಹಿಡಿಸಿದ್ದನ್ನು ಆರಿಸಿಕೊಳ್ಳಬಹುದು. ಗ್ಲೇಜ್ ಎಂದರೆ ಉರಿಯಲ್ಲಿ ಕರಗಿ ಮಣ್ಣನ್ನು ಕಚ್ಚಿ ಹಿಡಿದ ಗಾಜು. ಅದು ಮಡಕೆಯ ಅಂಗ. ಒಡಲನ್ನು ನೋಡದೆ ಅಂಗವನ್ನು ಆರಿಸಿದರೆ ಪಾತ್ರೆ ಹೊರಗೆ ಹೊಳೆಯುತ್ತದೆ, ಒಳಗೆ ಸೋರುತ್ತದೆ.

ವಿಚಾರಕ್ಕೆ ಎತ್ತಿಕೊಂಡ ವಿಷಯ ಇದು: ಮೈಸೂರಿನ ಅಶೋಕಪುರಂನಂಥ ಬಡಾವಣೆ. ಒಂದು ಕಡೆ ರೈಲ್ವೆ ವರ್ಕ್‌ಶಾಪ್, ಇನ್ನೊಂದು ಕಡೆ ಮಾನಂದವಾಡಿ ರಸ್ತೆ, ನಡುವೆ ಗೋಡೆಗೆ ಗೋಡೆ ತಾಗಿದ ಮನೆಗಳು. ಇಲ್ಲಿ ಹಿತ್ತಲ ಕೋಣೆಯಲ್ಲೋ ತಾರಸಿಯ ಶೀಟಿನ ಕೆಳಗೋ ಚಿಕ್ಕದೊಂದು ಕರೆಂಟಿನ ಕಿಲ್ನ್ (ಮಡಕೆ ಸುಡುವ ಗೂಡು) ಇಟ್ಟುಕೊಂಡು, ಮನೆಮಂದಿ ಉಣ್ಣುವ ತಟ್ಟೆ ಬಟ್ಟಲು ಮಾಡಬೇಕೆನ್ನುವವರು ಯಾವ ಗ್ಲೇಜನ್ನು, ಹೇಗೆ ಆರಿಸಬೇಕು, ಹೇಗೆ ಬಳಸಬೇಕು? ಮಧ್ಯಮ ಉರಿಯ ಗ್ಲೇಜೇ ಅವರಿಗೆ ತಕ್ಕದ್ದು ಎಂಬುದು ನನ್ನ ಸಿದ್ಧಾಂತ. ಅದಕ್ಕೆ ಬರುವ ಆಕ್ಷೇಪಗಳನ್ನು ಒಂದೊಂದಾಗಿ ಎದುರುಗೊಳ್ಳುತ್ತೇನೆ.

2. ಪರಿಭಾಷೆ

ಕುಂಬಾರರ ಉರಿಯನ್ನು ಮೂರು ಮಟ್ಟಗಳಾಗಿ ಹೇಳುವುದು ವಾಡಿಕೆ. ಸುಮಾರು 1100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನದು ಕಡಿಮೆ ಉರಿ. ಹಂಚು, ಹೂಕುಂಡ, ನೀರಿನ ಮಡಕೆ ಈ ಮಟ್ಟದವು. 1160ರಿಂದ 1240ರ ಆಸುಪಾಸಿನದು ಮಧ್ಯಮ ಉರಿ. 1260ರಿಂದ 1300ರವರೆಗಿನದು ಹೆಚ್ಚಿನ ಉರಿ.

ಡಿಗ್ರಿಯಷ್ಟೇ ಸಾಲದು. ಮಣ್ಣು ಮತ್ತು ಗ್ಲೇಜ್ ಎಷ್ಟು ಬಿಸಿ ಕಂಡವು ಎನ್ನುವುದರ ಜೊತೆಗೆ ಎಷ್ಟು ಹೊತ್ತು ಕಂಡವು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅದನ್ನು ಅಳೆಯುವ ಸಾಧನ ಕೋನ್. ನಿರ್ದಿಷ್ಟ ಶಾಖವನ್ನು ಉಂಡಾಗ ಬಾಗುವಂತೆ ಕೂಡಿಸಿದ ಚಿಕ್ಕ ಶಂಕು ಅದು. ಬರ್ಲಿನ್‌ನ ಹರ್ಮನ್ ಸೇಗರ್ 1886ರಲ್ಲಿ ಇದನ್ನು ರೂಪಿಸಿದ. ಅಮೆರಿಕದ ಎಡ್ವರ್ಡ್ ಆರ್ಟನ್ ಹತ್ತು ವರ್ಷಗಳ ನಂತರ ತನ್ನ ಸಾಲನ್ನು ತಂದ. ಇಂದು ನಮ್ಮ ಸ್ಟುಡಿಯೋಗಳು ಹೇಳುವ ಕೋನ್ ಸಂಖ್ಯೆಗಳು ಆರ್ಟನ್ ಸಾಲಿನವು. ಮಧ್ಯಮ ಉರಿಯ ನಡುಗಂಬ ಕೋನ್ 6. ಕೊನೆಯ ಹಂತದಲ್ಲಿ ಗಂಟೆಗೆ 60 ಡಿಗ್ರಿಯಂತೆ ಏರಿಸಿದರೆ ಅದು 1222 ಡಿಗ್ರಿಗೆ ಬಾಗುತ್ತದೆ. ಗಂಟೆಗೆ 150 ಡಿಗ್ರಿಯಂತೆ ಏರಿಸಿದರೆ 1243 ಬೇಕಾಗುತ್ತದೆ. ಆದ್ದರಿಂದ ಮೀಟರ್ ತೋರಿಸುವ ಅಂಕಿಯನ್ನು ನಂಬಿ ಕೋನ್ ಬಿಡುವುದು ಸಲ್ಲದು. ಕಿಲ್ನ್‌ನ ಮೇಲಿನ ಹಲಗೆಯಲ್ಲಿ ಒಂದು ಸೆಟ್, ಕೆಳಗಿನದರಲ್ಲಿ ಒಂದು ಸೆಟ್ ಇಟ್ಟರೆ ಯಾವ ಮೂಲೆ ಬಿಸಿ, ಯಾವುದು ತಂಪು ಎಂಬುದೂ ತಿಳಿಯುತ್ತದೆ.

3. ಉರಿಯ ಅಧಿಕರಣ

ಮೊದಲ ಆಕ್ಷೇಪ ಮೇಲಿನಿಂದ ಬರುತ್ತದೆ. "ನಿಜವಾದ ಸ್ಟೋನ್‌ವೇರ್ (ನೀರು ಕುಡಿಯದ ಗಟ್ಟಿ ಪಾತ್ರೆ) ಎಂದರೆ ಕೋನ್ 10. ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಆರಂಭಿಸಿದಂದಿನಿಂದ ದಕ್ಷಿಣ ಭಾರತದಲ್ಲಿ ಬೆಳೆದ ಸ್ಟುಡಿಯೋ ಪರಂಪರೆ ಹೆಚ್ಚಿನ ಉರಿಯದೇ. ಮಧ್ಯಮ ಉರಿ ಬರೀ ರಾಜಿ."

ಆ ಪರಂಪರೆಯ ಕಸುಬಿಗೆ ಕೈಮುಗಿಯುತ್ತೇನೆ. ಆದರೆ ಗಟ್ಟಿತನ ಹುಟ್ಟುವುದು ಡಿಗ್ರಿಯಿಂದಲ್ಲ, ಪಕ್ವತೆಯಿಂದ. ಕೋನ್ 10ಕ್ಕೆ, ಅಂದರೆ 1285ಕ್ಕೆ, ಹಣ್ಣಾಗುವ ಮಣ್ಣನ್ನು 1285ಕ್ಕೆ ಸುಟ್ಟರೂ, 1222ಕ್ಕೆ ಹಣ್ಣಾಗುವಂತೆ ಕೂಡಿಸಿದ ಮಣ್ಣನ್ನು 1222ಕ್ಕೆ ಸುಟ್ಟರೂ ಎರಡೂ ನೀರು ಕುಡಿಯದ ಗಟ್ಟಿ ಒಡಲಾಗುತ್ತವೆ. ಕೋನ್ 10ರ ಮಣ್ಣನ್ನು ಕೋನ್ 6ಕ್ಕೆ ಸುಟ್ಟಾಗ ಮಾತ್ರ ಅದು ಹಸಿಯಾಗಿ ಉಳಿಯುತ್ತದೆ. ಅಲ್ಲಿ ತಪ್ಪಿದ್ದು ಆಯ್ಕೆ, ಮಧ್ಯಮ ಉರಿಯನ್ನು ದೂರಿ ಫಲವಿಲ್ಲ.

ಇನ್ನು ನೆಲದ ಕಾರಣಗಳು. ಕಿಲ್ನ್‌ನೊಳಗೆ ಕಾಯುವ ತಂತಿ, ಅಂದರೆ ಕಾಯಿಲ್, ಕೊಡುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಸಂಜೆ ಬೀದಿಯೆಲ್ಲ ದೀಪ, ಟೀವಿ, ಮೋಟಾರ್ ಹಾಕಿದಾಗ 230 ವೋಲ್ಟ್ ಇಳಿದು 207ಕ್ಕೆ ಬಂದರೆ ವೋಲ್ಟೇಜ್ ಕಡಿಮೆಯಾದದ್ದು ಶೇಕಡ 10, ಶಕ್ತಿ ಕಡಿಮೆಯಾದದ್ದು ಶೇಕಡ 19. ತುದಿಯ ಡಿಗ್ರಿಗಳಲ್ಲಿ ಗೋಡೆ ಕಳೆಯುವ ಶಾಖವೂ ಕಾಯಿಲ್ ಕೊಡುವ ಶಾಖವೂ ಹತ್ತಿರ ಹತ್ತಿರ ಇರುತ್ತವೆ. ಹೀಗಾಗಿ ಚಿಕ್ಕ ಕಿಲ್ನ್ 1285ರ ಹತ್ತಿರ ನಿಂತುಬಿಡುವ ಸಂಭವ ಹೆಚ್ಚು. 1222 ಕೈಗೆಟುಕುವ ಗುರಿ, ಅಲ್ಲಿ ಕಾಯಿಲ್ ಕೂಡ ಹೆಚ್ಚು ಕಾಲ ಬಾಳುತ್ತದೆ. ಗ್ಯಾಸ್ ಕಿಲ್ನ್ ಇಟ್ಟರೆ ಆಯಿತಲ್ಲ ಎನ್ನುವವರಿಗೆ ಒಂದು ಮಾತು. ಹೆಚ್ಚಿನ ಉರಿಯ ಬಣ್ಣಗಳಿಗೆ ಬೇಕಾದ ರಿಡಕ್ಷನ್ ಎಂದರೆ ಗಾಳಿ ಸಾಲದ ಉರಿ. ಅದರಿಂದ ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಪಕ್ಕದ ಮನೆಯ ಕಿಟಕಿ ಕೈಯಳತೆಯಲ್ಲಿರುವ ಬೀದಿಯಲ್ಲಿ ಅದನ್ನು ಮಾಡುವ ಹಕ್ಕು ಯಾರಿಗೂ ಇಲ್ಲ.

ಎರಡನೆಯ ಆಕ್ಷೇಪ ಕೆಳಗಿನಿಂದ. "ನಮ್ಮ ಕುಂಬಾರರು ತಲೆತಲಾಂತರದಿಂದ ಆವಿಗೆಯ ಕಡಿಮೆ ಉರಿಯಲ್ಲೇ ಬೇಯಿಸಿದರು. ಮತ್ತೆ 200 ಡಿಗ್ರಿ ಏರಿಸಿ ಕರೆಂಟು ಸುಡುವುದೇಕೆ?"

ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಲೇಬೇಕು. ನೀರಿನ ಮಡಕೆಗೆ ಗ್ಲೇಜ್ ಬೇಡವೇ ಬೇಡ. ಅದರ ಮೈಯ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದೊಯ್ಯುತ್ತದೆ, ನೀರು ತಣ್ಣಗಾಗುತ್ತದೆ. ಮೊಸರು ಹೆಪ್ಪು ಹಾಕುವ ಕುಡಿಕೆಗೂ ಆ ರಂಧ್ರಗಳೇ ಗುಣ. ಅಂಥ ಪಾತ್ರೆಗೆ ಗ್ಲೇಜ್ ಹಾಕುವುದು ಅದರ ಕೆಲಸವನ್ನು ಕೆಡಿಸಿದಂತೆ. ಆದರೆ ಹುಳಿಸಾರು ಬಡಿಸುವ ಬೋಗುಣಿ, ಗೊಜ್ಜು ಇಡುವ ಬಟ್ಟಲು, ದಿನಕ್ಕೆ ನಾಲ್ಕು ಸಲ ತೊಳೆಯುವ ಕಾಫಿ ಕಪ್ ಬೇರೆ ಜಾತಿಯವು. ಎಣ್ಣೆ, ಹುಳಿ, ಹಾಲು ಒಳಗೆ ಇಳಿದರೆ ವಾಸನೆ ಕಟ್ಟುತ್ತವೆ. ರಂಧ್ರವಿರುವ ಒಡಲಿನ ಮೇಲೆ ಕಡಿಮೆ ಉರಿಯ ಗ್ಲೇಜ್ ಹಾಕಿದರೂ, ತಿಂಗಳುಗಳಲ್ಲಿ ಒಡಲು ತೇವ ಹೀರಿ ಸೂಕ್ಷ್ಮವಾಗಿ ಹಿಗ್ಗಿ ಗ್ಲೇಜನ್ನು ಬಿರಿಯಿಸುತ್ತದೆ. ಊಟದ ಪಾತ್ರೆಗೆ ಒಡಲೇ ಮುಚ್ಚಿಕೊಂಡಿರಬೇಕು. ಅದಕ್ಕೆ ಬೇಕಾದಷ್ಟು ಉರಿ ಮಧ್ಯಮ ಉರಿಯಲ್ಲಿ ಸಿಗುತ್ತದೆ.

4. ಮಣ್ಣಿನ ಅಧಿಕರಣ

ಇಲ್ಲಿನ ಆಕ್ಷೇಪ ಅಭಿಮಾನದ್ದು. "ನಮ್ಮ ಕೆರೆಯ ಮಣ್ಣು ಇರುವಾಗ ಚೀಲದ ಸ್ಟೋನ್‌ವೇರ್ ಮಣ್ಣನ್ನು ಕೊಳ್ಳುವುದೇಕೆ?"

ಕೆರೆಯಂಗಳದ ಕೆಂಪು ಜೇಡಿಯಲ್ಲಿ ಕಬ್ಬಿಣ ಹೆಚ್ಚು, ಸುಣ್ಣವೂ ಕ್ಷಾರವೂ ಬೆರೆತಿರುತ್ತವೆ. ಇವೆಲ್ಲ ಮಣ್ಣನ್ನು ಬೇಗ ಕರಗಿಸುವ ವಸ್ತುಗಳು. ಇಂಥ ಮಣ್ಣು 1100 ಡಿಗ್ರಿ ದಾಟುವಾಗ ಉಬ್ಬುತ್ತದೆ, ಸೊಟ್ಟಗಾಗುತ್ತದೆ, ಇನ್ನೂ ಏರಿದರೆ ಹಲಗೆಯ ಮೇಲೆ ಹರಿದುಬಿಡುತ್ತದೆ. ಒಡಲಾಗಿ ಅದು ಕೋನ್ 6ಕ್ಕೆ ಬರುವುದಿಲ್ಲ. ಆದರೆ ಅದೇ ದೋಷವನ್ನು ಗುಣವಾಗಿಸಬಹುದು. ಅದೇ ಮಣ್ಣನ್ನು ಸೋಸಿ ಒಣಗಿಸಿ, ಸ್ವಲ್ಪ ಫ್ರಿಟ್ (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು) ಸೇರಿಸಿ ಸ್ಟೋನ್‌ವೇರ್ ಬಟ್ಟಲಿಗೆ ಅದ್ದಿದರೆ, ಕೋನ್ 6ರಲ್ಲಿ ಕಂದು ಗ್ಲೇಜಾಗಿ ಕರಗುತ್ತದೆ. ಊರಿನ ಮಣ್ಣಿಗೆ ಪಾತ್ರೆಯಲ್ಲಿ ಸ್ಥಾನ ಕೊಡುವ ನೇರ ದಾರಿ ಇದು. ಮಣ್ಣುಗಳ ಗುಣದೋಷ ಕಲಿಯಬೇಕೆನ್ನುವವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೇ ಇದೆ.

ಕೊಂಡ ಮಣ್ಣನ್ನೂ ಚೀಲದ ಮೇಲಿನ ಮಾತನ್ನು ನಂಬಿ ಬಳಸಬಾರದು. ಗ್ಲೇಜ್ ಇಲ್ಲದ ಒಂದು ತುಂಡನ್ನು ನಿಮ್ಮ ಕಿಲ್ನ್‌ನಲ್ಲಿ, ನಿಮ್ಮ ಉರಿಯಲ್ಲಿ ಸುಡಿ. ತೂಗಿ. ಕೆಲವು ಗಂಟೆ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಟ್ಟು, ಮೇಲಿನ ತೇವ ಒರೆಸಿ ಮತ್ತೆ ತೂಗಿ. 200 ಗ್ರಾಂ ತುಂಡು 203 ಆದರೆ ಅದು ಕುಡಿದದ್ದು ಶೇಕಡ 1.5. ಊಟದ ಪಾತ್ರೆಗೆ ಶೇಕಡ 2ರ ಒಳಗಿದ್ದರೆ ಒಳ್ಳೆಯದು. 5 ಬಂದರೆ ಆ ಮಣ್ಣು ನಿಮ್ಮ ಉರಿಗೆ ಇನ್ನೂ ಕಾಯಿ. ಯಾವ ಗ್ಲೇಜೂ ಅದನ್ನು ಉಳಿಸದು.

ಎರಡನೆಯ ಹೊಂದಾಣಿಕೆ ಕುಗ್ಗುವುದರಲ್ಲಿದೆ. ತಣಿಯುವಾಗ ಒಡಲೂ ಗ್ಲೇಜೂ ಎರಡೂ ಕುಗ್ಗುತ್ತವೆ. ಗ್ಲೇಜ್ ಹೆಚ್ಚು ಕುಗ್ಗಿದರೆ ಎಳೆತಕ್ಕೆ ಸಿಕ್ಕಿ ಕೂದಲೆಳೆಯ ಬಿರುಕು ಬಿಡುತ್ತದೆ. ಇದಕ್ಕೆ ಕ್ರೇಜಿಂಗ್ ಎನ್ನುತ್ತಾರೆ. ತೀರಾ ಕಡಿಮೆ ಕುಗ್ಗಿದರೆ ಅಂಚಿನಲ್ಲಿ ಸಿಪ್ಪೆ ಎದ್ದು ಚೂರು ಉದುರುತ್ತದೆ. ಒಡಲಿಗಿಂತ ತುಸುವೇ ಕಡಿಮೆ ಕುಗ್ಗುವ ಗ್ಲೇಜ್ ಉತ್ತಮ. ಆಗ ಒಡಲು ಗ್ಲೇಜನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತದೆ. ಗಾಜು ಎಳೆತವನ್ನು ತಾಳದು, ಒತ್ತಡವನ್ನು ತಾಳುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಹತ್ತಿರ, ಮೈಸೂರು ಸರ್ಕಾರ ಕಟ್ಟಿದ ಪಿಂಗಾಣಿ ಕಾರ್ಖಾನೆ ಮುಂದೆ ಬಿಎಚ್‌ಇಎಲ್‌ನ ಕೈಗೆ ಹೋಗಿ ವಿದ್ಯುತ್ ಕಂಬಗಳ ಇನ್ಸುಲೇಟರ್ ತಯಾರಿಸಿತು. ಇನ್ಸುಲೇಟರುಗಳಿಗೆ ಹಾಕುವ ಗ್ಲೇಜಿನ ವಿದ್ಯೆ ಇದೇ. ಒತ್ತಡದಲ್ಲಿ ಕೂತ ಗ್ಲೇಜ್ ಪಿಂಗಾಣಿಯ ಬಲವನ್ನೇ ಹೆಚ್ಚಿಸುತ್ತದೆ. ತಂತಿಯ ಭಾರ ಹೊರುವ ಇನ್ಸುಲೇಟರಿಗೆ ಸಲ್ಲುವ ನ್ಯಾಯ ಕೈತಪ್ಪಿ ಬೀಳುವ ಕಾಫಿ ಕಪ್‌ಗೂ ಸಲ್ಲುತ್ತದೆ.

ಪರೀಕ್ಷೆ ಸುಲಭ. ತಟ್ಟೆಯನ್ನು ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟು, ತೆಗೆದೊಡನೆ ಸಿಂಕಿನಲ್ಲಿ ಕುದಿಯುವ ನೀರು ಸುರಿಯಿರಿ. ಒಡೆದು ಸಿಡಿಯಬಹುದಾದ್ದರಿಂದ ಕನ್ನಡಕ ಹಾಕಿ. ಹಲವು ಸಲ ಹೀಗೆ ಮಾಡಿ, ಆಮೇಲೆ ಇಂಕ್ ಸವರಿ ಒರೆಸಿ. ಬಿರುಕಿದ್ದರೆ ಇಂಕು ತಾನೇ ತೋರಿಸುತ್ತದೆ.

5. ಕೂಟದ ಅಧಿಕರಣ

ಗ್ಲೇಜಿನಲ್ಲಿ ಮೂರು ಬಗೆಯ ವಸ್ತುಗಳಿವೆ. ಗಾಜಾಗುವ ಬೆಣಚು, ಅಂದರೆ ಸಿಲಿಕಾ, ಒಂದು. ಕರಗಿದ ಗಾಜು ಗೋಡೆಯಿಂದ ಹರಿದು ಇಳಿಯದಂತೆ ಹಿಡಿದಿಡುವ ಅಲ್ಯೂಮಿನಾ ಇನ್ನೊಂದು, ಇದು ಬಿಳಿ ಜೇಡಿಯಿಂದ ಮತ್ತು ಫೆಲ್ಡ್‌ಸ್ಪಾರಿನಿಂದ ಬರುತ್ತದೆ. ಕರಗಿಸುವ ಫ್ಲಕ್ಸ್ ಮೂರನೆಯದು: ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ, ಸತು. ಬರೀ ಬೆಣಚು ಕರಗಲು 1700 ಡಿಗ್ರಿಗೂ ಮೇಲೆ ಬೇಕು. ಕೋನ್ 10ರಲ್ಲಿ ಸುಣ್ಣ ಮತ್ತು ಫೆಲ್ಡ್‌ಸ್ಪಾರ್ ಸೇರಿ ಅದನ್ನು ಕರಗಿಸುತ್ತವೆ. ಕೋನ್ 6ರಲ್ಲಿ ಅವಕ್ಕೆ ಬೋರಾನ್‌ನ ನೆರವು ಬೇಕು. ಬೋರಾಕ್ಸ್ ನೀರಿನಲ್ಲಿ ಕರಗುವ ವಸ್ತು, ನೇರವಾಗಿ ಹಾಕಿದರೆ ಬಕೆಟ್ಟಿನಲ್ಲಿ ಹರಳುಗಟ್ಟಿ ಕಾಟ ಕೊಡುತ್ತದೆ. ಅದಕ್ಕಾಗಿ ಬೋರಾನನ್ನು ಬೆಣಚಿನೊಂದಿಗೆ ಮೊದಲೇ ಕರಗಿಸಿ, ನೀರಿಗೆ ಸುರಿದು ಒಡೆದು, ಪುಡಿ ಮಾಡಿ ಮಾರುತ್ತಾರೆ. ಅದೇ ಫ್ರಿಟ್. ಮಧ್ಯಮ ಉರಿಯ ಗ್ಲೇಜಿನ ಕೀಲಿ ಈ ಫ್ರಿಟ್‌ನಲ್ಲಿದೆ.

ಕಲಿಯುವವರಿಗೆ ಎಲ್ಲರೂ ಬಲ್ಲ ಒಂದು ಕೂಟವಿದೆ: ಬೋರಾನ್ ಹೆಚ್ಚಿರುವ ಸೀಸವಿಲ್ಲದ ಫ್ರಿಟ್, ಫೆಲ್ಡ್‌ಸ್ಪಾರ್, ವೊಲಾಸ್ಟೊನೈಟ್, ಬಿಳಿ ಜೇಡಿ, ಬೆಣಚು, ತಲಾ 20. ಕೋನ್ 6ರಲ್ಲಿ ಇದು ಹೊಳಪಿನ ಪಾರದರ್ಶಕ ಗ್ಲೇಜ್. ಫ್ರಿಟ್ ಬದಲಾದರೆ ಫಲವೂ ಬದಲಾಗುತ್ತದೆ, ಆದ್ದರಿಂದ ಇದನ್ನು ಆರಂಭವೆಂದು ತಿಳಿಯಬೇಕು. ಬಿರುಕು ಬಿಟ್ಟರೆ ಬೆಣಚನ್ನು 25ಕ್ಕೆ, 30ಕ್ಕೆ ಏರಿಸಿ ಪಕ್ಕಪಕ್ಕದಲ್ಲಿ ಸುಟ್ಟು ನೋಡಿ. ಸೋಡಿಯಂ ಪೊಟ್ಯಾಸಿಯಂಗಳು ಗ್ಲೇಜನ್ನು ಹೆಚ್ಚು ಕುಗ್ಗಿಸುತ್ತವೆ, ಬೆಣಚು, ಬೋರಾನ್, ಮ್ಯಾಗ್ನೀಸಿಯಂ ಕಡಿಮೆ ಕುಗ್ಗಿಸುತ್ತವೆ. ಮೈಸೂರಿನಿಂದ ದಕ್ಷಿಣಕ್ಕೆ ದೊಡ್ಡಕನ್ಯದ ಕಡೆ ಸಿಗುವ ಮ್ಯಾಗ್ನಸೈಟ್, ನಾಡಿನ ಬಳಪದ ಕಲ್ಲು ಇವೆಲ್ಲ ಮ್ಯಾಗ್ನೀಸಿಯಂನ ಆಕರಗಳು. ಭತ್ತದ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಸೌದೆಯ ಬೂದಿಯಲ್ಲಿ ಸುಣ್ಣ ಮತ್ತು ಪೊಟ್ಯಾಷ್ ಇವೆ. ಆದರೆ ಒಂದು ಒಲೆಯ ಬೂದಿ ಇನ್ನೊಂದರಂತಿರುವುದಿಲ್ಲ. ಪ್ರತಿ ಚೀಲಕ್ಕೂ ಹೊಸ ಪರೀಕ್ಷೆ ಮಾಡುವ ತಾಳ್ಮೆಯಿದ್ದರೆ ಮಾತ್ರ ಈ ದಾರಿ ಹಿಡಿಯಬೇಕು.

ಹೊಳಪು, ಮಂದ ಎರಡಕ್ಕೂ ಲೆಕ್ಕವಿದೆ. ಅಮೆರಿಕದ ಆರ್. ಟಿ. ಸ್ಟಲ್ 1912ರಲ್ಲಿ ಅಲ್ಯೂಮಿನಾ ಮತ್ತು ಸಿಲಿಕಾಗಳ ನಕ್ಷೆಯೊಂದನ್ನು ಪ್ರಕಟಿಸಿದ. ಅಣುಗಳ ಲೆಕ್ಕದಲ್ಲಿ ಸಿಲಿಕಾ ಅಲ್ಯೂಮಿನಾದ 5 ಪಟ್ಟಿನ ಆಸುಪಾಸು ಇದ್ದರೆ ಗ್ಲೇಜ್ ಮಂದವಾಗುತ್ತದೆ, 7 ಅಥವಾ 8 ಪಟ್ಟಿಗೆ ಏರಿದರೆ ಹೊಳೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪೂರ್ತಿ ಕರಗದ ಗ್ಲೇಜೂ ಮಂದವಾಗಿಯೇ ಕಾಣುತ್ತದೆ. ನಿಜವಾದ ಮಂದ ಗ್ಲೇಜನ್ನು ಅರ್ಧ ಬೆಂದ ಗ್ಲೇಜಿನಿಂದ ಬೇರ್ಪಡಿಸಲು ತಿಳಿಯದವರು ಊಟದ ಪಾತ್ರೆಯ ಒಳಮೈಗೆ ಹೊಳಪಿನದನ್ನೇ ಬಳಸಲಿ.

ಆಕ್ಷೇಪ: "ಅಂಗಡಿಯಲ್ಲಿ ಬಾಟಲಿಯ ಗ್ಲೇಜ್ ಸಿಗುತ್ತದೆ. ಊಟಕ್ಕೆ ಸುರಕ್ಷಿತ ಎಂದು ಅಚ್ಚು ಹಾಕಿದ್ದಾರೆ. ಈ ಲೆಕ್ಕವೆಲ್ಲ ಯಾಕೆ?"

ಸಮಾಧಾನ: ಹೊಸಬರು ಬಾಟಲಿಯಿಂದಲೇ ಆರಂಭಿಸುವುದು ಸರಿ. ಆದರೆ ಆ ಅಚ್ಚಿನ ಮಾತಿಗೆ ಮೂರು ಷರತ್ತುಗಳಿವೆ. ಹೇಳಿದ ಕೋನ್ ಮುಟ್ಟಿರಬೇಕು, ಒಡಲಿನ ಮೇಲೆ ಬಿರುಕಿಲ್ಲದೆ ಕೂತಿರಬೇಕು, ಇನ್ನೊಂದು ಗ್ಲೇಜಿನ ಜೊತೆ ಬೆರೆತಿರಬಾರದು. ಎರಡು ಒಳ್ಳೆಯ ಗ್ಲೇಜುಗಳು ಒಂದರ ಮೇಲೊಂದು ಕರಗಿದಾಗ ಹುಟ್ಟುವುದು ಯಾರೂ ಪರೀಕ್ಷಿಸದ ಮೂರನೆಯ ಗ್ಲೇಜ್. ಬಾಟಲಿ ಕೊಂಡವರಿಗೂ ಲೆಕ್ಕದ ತಿಳಿವು ಬೇಕಾಗುವುದು ಇಲ್ಲಿಯೇ.

6. ಉಣ್ಣುವ ಪಾತ್ರೆಯ ಅಧಿಕರಣ

ನಮ್ಮ ಅಡುಗೆ ಹುಳಿಯದು. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್. ಉಪ್ಪಿನಕಾಯಿಯಲ್ಲಿ ಹುಳಿಯ ಜೊತೆಗೆ ಉಪ್ಪು, ಅದೂ ತಿಂಗಳುಗಟ್ಟಲೆ. ಆಮ್ಲಕ್ಕೆ ಸಡಿಲವಾದ ಗಾಜಿನಿಂದ ಲೋಹವನ್ನು ಎಳೆಯುವ ಶಕ್ತಿಯಿದೆ. ಬಿಸ್ಕತ್ತು ಇಡುವ ತಟ್ಟೆಗೆ ಸಾಲುವ ಗ್ಲೇಜ್ ಹುಳಿಸಾರಿನ ಬಟ್ಟಲಿಗೆ ಸಾಲದು.

ಆಕ್ಷೇಪ: "ಅಜ್ಜಿಯ ಕಾಲದ ಉಪ್ಪಿನಕಾಯಿ ಜಾಡಿ ಇಂದೂ ಅಟ್ಟದ ಮೇಲಿದೆ. ಅದನ್ನು ಯಾರು ಪರೀಕ್ಷೆ ಮಾಡಿದ್ದರು?"

ಆ ಜಾಡಿಗಳು ಕಾರ್ಖಾನೆಯಲ್ಲಿ, ಪಳಗಿದ ಕೂಟದಿಂದ, ಪೂರ್ತಿ ಹಣ್ಣಾಗುವಂತೆ ಸುಟ್ಟ ಸ್ಟೋನ್‌ವೇರ್. ಒಂದೇ ಮಣ್ಣು, ಒಂದೇ ಗ್ಲೇಜ್, ಒಂದೇ ಉರಿ. ಕಂದು, ಕೆನೆಬಣ್ಣ ಬಿಟ್ಟು ಬೇರೆ ಅಲಂಕಾರವಿಲ್ಲ. ಅವುಗಳಿಂದ ಕಲಿಯಬೇಕಾದ್ದು ಆ ಸಂಯಮ. ನಮ್ಮ ಮೇಜಿನ ಮೇಲಿರುವ ಹತ್ತು ಬಣ್ಣದ ಡಬ್ಬಿಗಳಿಗೆ ಅಜ್ಜಿಯ ಜಾಡಿ ಸಾಕ್ಷಿ ನುಡಿಯದು.

ನಿಯಮಗಳು ಇವು. ಸೀಸ, ಕ್ಯಾಡ್ಮಿಯಂ, ಬೇರಿಯಂ ಇವು ಉಣ್ಣುವ ಮೈಗೆ ಬೇಡ. ತಾಮ್ರದ ಕಾರ್ಬೊನೇಟ್ ಶೇಕಡ 2–3ರ ಒಳಗಿರಲಿ, ಹೆಚ್ಚಿದಷ್ಟೂ ಗಾಜು ಅದನ್ನು ಹಿಡಿದಿಡಲಾರದೆ ಹೊರಬಿಡುತ್ತದೆ. ಬಣ್ಣದ ಆಟ ಹೊರಮೈಗೆ, ಒಳಮೈಗೆ ಪಾರದರ್ಶಕ ಅಥವಾ ಬಿಳಿ. ಮನೆಯಲ್ಲಿ ಎರಡು ಪರೀಕ್ಷೆ ಮಾಡಬಹುದು. ನಿಂಬೆಯ ಹೋಳನ್ನು ರಾತ್ರಿಯಿಡೀ ಗ್ಲೇಜಿನ ಮೇಲಿಟ್ಟು ಬೆಳಿಗ್ಗೆ ಬಣ್ಣ ಪೇಲವವಾಯಿತೇ, ಹೊಳಪು ಹೋಯಿತೇ ನೋಡುವುದು. ಇನ್ನೊಂದು ತುಂಡನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಕೆಲವು ಗಂಟೆ ಕುದಿಸಿ ನೋಡುವುದು. ಇವುಗಳಲ್ಲಿ ಸೋತ ಗ್ಲೇಜ್ ಕೆಟ್ಟದ್ದೆಂದು ಖಚಿತ. ಗೆದ್ದದ್ದು ಒಳ್ಳೆಯದೆಂದು ಖಚಿತವಲ್ಲ, ಏಕೆಂದರೆ ಕಣ್ಣಿಗೆ ಕಾಣದಷ್ಟು ಸೀಸವೂ ವಿಷವೇ. ಮಾರಾಟಕ್ಕೆ ಇಳಿಯುವವರು ಪ್ರಯೋಗಾಲಯಕ್ಕೆ ಕೊಡಬೇಕು. ಐಎಸ್‌ಒ 6486 ಎಂಬ ಮಾನಕದ ಪ್ರಕಾರ ಪಾತ್ರೆಯಲ್ಲಿ ಶೇಕಡ 4ರ ಅಸಿಟಿಕ್ ಆಮ್ಲವನ್ನು 24 ಗಂಟೆ ಇಟ್ಟು, ಇಳಿದ ಸೀಸ ಮತ್ತು ಕ್ಯಾಡ್ಮಿಯಂ ಅಳೆಯುತ್ತಾರೆ.

ಉಣ್ಣುವವರಷ್ಟೇ ಮಾಡುವವರೂ ಮುಖ್ಯ. ಬೆಣಚಿನ ಧೂಳು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ, ಸಿಲಿಕೋಸಿಸ್‌ಗೆ ವಾಸಿಯಾಗುವ ಮದ್ದಿಲ್ಲ. ಪುಡಿ ಬೆರೆಸುವಾಗ ಎನ್95 ಮಾಸ್ಕ್ ಕಡ್ಡಾಯ. ಕಸಬರಿಕೆ ಆ ಕೋಣೆಗೆ ಬರಕೂಡದು, ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಮಕ್ಕಳು ಮಲಗುವ ಕೋಣೆಯಲ್ಲಿ ಪುಡಿಯ ಚೀಲ ಬಿಚ್ಚಬಾರದು.

7. ಬಳಕೆಯ ಅಧಿಕರಣ

ಇಲ್ಲಿ ವಾದ ಕಡಿಮೆ, ಕೈಕೆಲಸ ಹೆಚ್ಚು. ಮೊದಲ ಸುಡುವಿಕೆ, ಅಂದರೆ ಬಿಸ್ಕ್, 1000ದಿಂದ 1060 ಡಿಗ್ರಿ. 573 ಡಿಗ್ರಿಯ ಹತ್ತಿರ ಬೆಣಚು ಹಠಾತ್ ಹಿಗ್ಗುತ್ತದೆ, ಅಲ್ಲಿ ಆತುರ ಬೇಡ. 700ರಿಂದ 900ರ ನಡುವೆ ಗಾಳಿಗೆ ದಾರಿ ಬಿಟ್ಟು ನಿಧಾನ ಮಾಡಿದರೆ ಮಣ್ಣಿನೊಳಗಿನ ಇಂಗಾಲ ಸುಟ್ಟು ಹೋಗುತ್ತದೆ. ಉಳಿದರೆ ಅದೇ ಮುಂದೆ ಗ್ಲೇಜಿನಲ್ಲಿ ಗುಳ್ಳೆಯಾಗಿ ಏಳುತ್ತದೆ.

ಗ್ಲೇಜನ್ನು 80 ಮೆಶ್ ಜರಡಿಯಲ್ಲಿ ಎರಡು ಸಲ ಸೋಸಿ. ಹದ ನೋಡಲು ಕಣ್ಣಿಗಿಂತ ತಕ್ಕಡಿ ಲೇಸು: 100 ಮಿಲಿಲೀಟರ್ ಗ್ಲೇಜ್ 140ರಿಂದ 150 ಗ್ರಾಂ ತೂಗಬೇಕು, ಕಡೆದ ಗಟ್ಟಿ ಮಜ್ಜಿಗೆಯಂತೆ ಬೆರಳಿನಿಂದ ಇಳಿಯಬೇಕು. ತಳ ಹಿಡಿಯುತ್ತಿದ್ದರೆ ಶೇಕಡ 2 ಬೆಂಟೊನೈಟ್ ಸೇರಿಸಿ. ಬಿಸ್ಕನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಎರಡು ಮೂರು ಸೆಕೆಂಡು ಅದ್ದಿ. ಲೇಪ ಒಂದು ಮಿಲಿಮೀಟರಿನ ಒಳಗಿರಲಿ. ಬುಡದಿಂದ ಐದು ಮಿಲಿಮೀಟರ್ ಎತ್ತರದವರೆಗೆ ಒರೆಸಿಬಿಡಿ. ಕಿಲ್ನ್ ಹಲಗೆಗೆ ಅಲ್ಯೂಮಿನಾ ಮತ್ತು ಬಿಳಿ ಜೇಡಿ ಸಮಪಾಲಿನ ಲೇಪವಿರಲಿ.

ಗ್ಲೇಜ್ ಉರಿಯನ್ನು 1100ರವರೆಗೆ ಗಂಟೆಗೆ 100–150 ಡಿಗ್ರಿಯಂತೆ, ಅಲ್ಲಿಂದ ಗಂಟೆಗೆ 60ರಂತೆ ಏರಿಸಿ. ಕೋನ್ 6 ಬಾಗಿದಾಗ ಹತ್ತು ಹದಿನೈದು ನಿಮಿಷ ಹಿಡಿದು, 1150ರ ಹತ್ತಿರಕ್ಕೆ ಇಳಿಸಿ ಅರ್ಧ ಗಂಟೆ ಮತ್ತೆ ಹಿಡಿಯಿರಿ. ಏರುವಾಗ ಒಡೆದ ಗುಳ್ಳೆಗಳ ಸೂಜಿರಂಧ್ರ ಈ ಹೊತ್ತಿನಲ್ಲಿ ತುಂಬಿಕೊಳ್ಳುತ್ತದೆ. ಕಿಲ್ನ್ ಬಾಗಿಲನ್ನು ಕೈ ತಾಳುವಷ್ಟು ತಣಿಯುವವರೆಗೆ ತೆರೆಯಬೇಡಿ.

8. ಬಣ್ಣದ ಅಧಿಕರಣ

ಆಕ್ಷೇಪ: "ಬೆಂಕಿಯಿಲ್ಲದ ಕಿಲ್ನ್‌ನಲ್ಲಿ ಬಣ್ಣಕ್ಕೆ ಜೀವವಿರುವುದಿಲ್ಲ. ಕರೆಂಟಿನ ಗ್ಲೇಜ್ ಸಪ್ಪೆ."

ರಿಡಕ್ಷನ್ ಉರಿಯ ಸೆಲಡಾನ್ ಹಸಿರನ್ನೂ ತಾಮ್ರದ ಕೆಂಪನ್ನೂ ಕರೆಂಟಿನ ಕಿಲ್ನ್ ಹಾಗೆಯೇ ಕೊಡದು. ಇದು ನಿಜ, ಆ ಬಣ್ಣಗಳ ನಕಲು ಮಾಡಹೊರಟವರಿಗೆ ನಿರಾಸೆ ತಪ್ಪದು. ಆದರೆ ಗಾಳಿ ಸಾಕಷ್ಟಿರುವ ಆಕ್ಸಿಡೇಶನ್ ಉರಿಗೆ ತನ್ನದೇ ಬಣ್ಣಗಳಿವೆ. ಮೇಲೆ ಹೇಳಿದ ಕೂಟಕ್ಕೆ ಶೇಕಡ 0.5ರಿಂದ 1 ಕೋಬಾಲ್ಟ್ ಕಾರ್ಬೊನೇಟ್ ನೀಲಿ ಕೊಡುತ್ತದೆ. ಶೇಕಡ 8–10 ಕೆಂಪು ಕಬ್ಬಿಣದ ಆಕ್ಸೈಡ್ ಗಾಢ ಕಂದು. ಶೇಕಡ 4–6 ರೂಟೈಲ್ ಹಾಕಿದರೆ ಬಣ್ಣ ಒಂದೇ ಸಮನಾಗಿ ನಿಲ್ಲದೆ ಅಂಚಿನಲ್ಲಿ ಒಡೆದು ಹರಿಯುತ್ತದೆ. ಶೇಕಡ 8–10 ಜಿರ್ಕಾನ್ ಬಿಳಿ. 1000 ಡಿಗ್ರಿಯ ಆಸುಪಾಸು ತಣಿತವನ್ನು ನಿಧಾನ ಮಾಡಿದರೆ ಕಬ್ಬಿಣದ ಗ್ಲೇಜಿನಲ್ಲಿ ಹರಳುಗಳು ಹುಟ್ಟಿ ಕಂದು ಕೆಂಪಿಗೆ ತಿರುಗುತ್ತದೆ. ಸಪ್ಪೆ ಗ್ಲೇಜಿಗೆ ಬಹುತೇಕ ಕಾರಣ ಅವಸರದ ತಣಿತ, ತೆಳು ಲೇಪ ಮತ್ತು ಒಂದೇ ಪರೀಕ್ಷೆಗೆ ನಿಂತುಬಿಡುವ ಅಭ್ಯಾಸ. ಕರೆಂಟಿನ ಮೇಲೆ ಆ ದೂರು ಹೊರಿಸುವುದು ನ್ಯಾಯವಲ್ಲ.

9. ಯಾರ ಬಟ್ಟಲು ಎಂಬ ಅಧಿಕರಣ

ಅಶೋಕಪುರಂ ದಲಿತರ ಹಳೆಯ ನೆಲೆ, ಅಂಬೇಡ್ಕರ್ ವಿಚಾರ ಬೇರೂರಿದ ನೆಲ. ಇಲ್ಲಿ ಕೂತು ಊಟದ ಪಾತ್ರೆಯ ಮೀಮಾಂಸೆ ಬರೆಯುವವರು ಈ ಪ್ರಶ್ನೆಯನ್ನು ದಾಟಿ ಹೋಗಲಾಗದು. ಧರ್ಮಶಾಸ್ತ್ರಗಳು ಪಾತ್ರೆಗಳ ಶುದ್ಧಿಗೆ ವಸ್ತುವನ್ನು ನೋಡಿ ನಿಯಮ ಮಾಡಿದವು. ಲೋಹದ ಪಾತ್ರೆ ಉಜ್ಜಿ ತೊಳೆದರೆ ಶುದ್ಧ. ಮಣ್ಣಿನದು ಮತ್ತೆ ಸುಟ್ಟರೆ ಶುದ್ಧ, ಕೆಲವು ಸಂದರ್ಭದಲ್ಲಿ ಸುಟ್ಟರೂ ಅಲ್ಲ. ಮಣ್ಣು ಹೀರುತ್ತದೆ ಎಂಬ ವಸ್ತುಗುಣವನ್ನು ಮನುಷ್ಯರ ಮೇಲೆ ಹೊರಿಸಿ, ಮುಟ್ಟಿದ ಮಡಕೆಯನ್ನು ಒಡೆಯುವ ಪದ್ಧತಿ ಕಟ್ಟಿದರು. 1927ರ ಮಾರ್ಚ್ 20ರಂದು ದಲಿತರು ಮುಟ್ಟಬಾರದೆಂದಿದ್ದ ಮಹಾಡಿನ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರು ನೀರು ಮುಟ್ಟಿ ಕುಡಿದದ್ದು ಈ ಕಟ್ಟಳೆಯ ಎದುರಿಗೇ.

ಆಕ್ಷೇಪ: "ಅಸ್ಪೃಶ್ಯತೆಗೆ ಮಡಕೆಯ ರಂಧ್ರ ಕಾರಣವಲ್ಲ. ಏನನ್ನೂ ಹೀರದ ಪಿಂಗಾಣಿ ಕಪ್ಪನ್ನೂ ಸ್ಟೀಲ್ ಲೋಟವನ್ನೂ ಬೇರೆಯಾಗಿಟ್ಟ ಮನೆಗಳಿದ್ದವು, ಹೋಟೆಲುಗಳಲ್ಲಿ ಎರಡು ಲೋಟದ ಪದ್ಧತಿ ನಡೆಯಿತು. ಗ್ಲೇಜ್ ಅದನ್ನು ಅಳಿಸುತ್ತದೆಯೇ?"

ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಗ್ಲೇಜ್ ಜಾತಿಯನ್ನು ಅಳಿಸದು. ಹೀರದ ಲೋಟವನ್ನೂ ಬೇರೆ ಇಟ್ಟರು ಎಂಬುದೇ, ಹೀರುವಿಕೆಯ ಮಾತು ನೆಪವಾಗಿತ್ತು ಎಂಬುದಕ್ಕೆ ಸಾಕ್ಷಿ. ಆದರೂ ಕುಂಬಾರಿಕೆ ಮಾಡುವವರ ಪಾಲಿಗೆ ಒಂದು ಕರ್ತವ್ಯ ಉಳಿಯುತ್ತದೆ. ಹಣ್ಣಾದ ಒಡಲಿನ ಮೇಲೆ ಬಿರುಕಿಲ್ಲದೆ ಕೂತ ಗ್ಲೇಜಿನಲ್ಲಿ ಹಿಂದೆ ಕುಡಿದವರ ಗುರುತು ಉಳಿಯಲು ಜಾಗವೇ ಇಲ್ಲ, ಒಂದು ಸಲ ತೊಳೆದರೆ ಮುಗಿಯಿತು. ಅಂಥ ಬಟ್ಟಲನ್ನು ಒಂದೇ ಅಚ್ಚುಕಟ್ಟಿನಲ್ಲಿ, ಒಂದೇ ಗ್ಲೇಜಿನಲ್ಲಿ, ಒಂದೇ ಕಪಾಟಿನಲ್ಲಿ ಇಡಲು ಮಾಡುವುದು ನಮ್ಮ ಕೈಯಲ್ಲಿದೆ. ಬಿರುಕುಬಿಟ್ಟ, ಹೀರುವ ಪಾತ್ರೆಯನ್ನು "ಇದು ಬೇರೆಯವರಿಗೆ" ಎಂದು ಎತ್ತಿಡುವ ಅಭ್ಯಾಸ ಇಂದಿಗೂ ಅನೇಕ ಅಡುಗೆಮನೆಗಳಲ್ಲಿದೆ. ಆದ್ದರಿಂದ ದೋಷವಿರುವ ಪಾತ್ರೆಯನ್ನು ಕಡಿಮೆ ಬೆಲೆಗೆ ಮಾರದೆ ಒಡೆದುಬಿಡಬೇಕು ಎಂಬುದು ನನ್ನ ನಿಯಮ. ಊಟಕ್ಕೆ ಎರಡನೆಯ ದರ್ಜೆಯ ಪಾತ್ರೆ ಎಂಬುದು ಇರಬಾರದು.

10. ನಿರ್ಣಯ

ಗ್ಲೇಜ್ ಆರಿಸುವವರು ಈ ಕ್ರಮದಲ್ಲಿ ಕೇಳಲಿ. ನನ್ನ ಮಣ್ಣು ನನ್ನ ಉರಿಯಲ್ಲಿ ಶೇಕಡ 2ಕ್ಕಿಂತ ಕಡಿಮೆ ನೀರು ಕುಡಿಯುತ್ತದೆಯೇ? ನನ್ನ ಕಿಲ್ನ್‌ನ ಎಲ್ಲ ಮೂಲೆಗಳಲ್ಲೂ ಕೋನ್ 6 ಬಾಗಿತೇ? ಫ್ರೀಜರು ಮತ್ತು ಕುದಿನೀರಿನ ಪರೀಕ್ಷೆಯಲ್ಲಿ ಬಿರುಕು ಬಂತೇ? ನಿಂಬೆ, ಸೋಡಾ ಎರಡನ್ನೂ ತಾಳಿತೇ? ಒಳಮೈಯ ಗ್ಲೇಜಿನಲ್ಲಿ ಸೀಸ, ಕ್ಯಾಡ್ಮಿಯಂ, ಬೇರಿಯಂ ಇಲ್ಲವೆಂದು ನನಗೆ ಖಚಿತವೇ? ಈ ಐದಕ್ಕೂ ತೃಪ್ತಿಯ ಉತ್ತರ ಬಂದ ಮೇಲೆ ಬಣ್ಣ ಆರಿಸಲಿ, ಮನಸ್ಸಿಗೆ ಬಂದಷ್ಟು ಆಡಲಿ.

ಹತ್ತು ಗ್ಲೇಜುಗಳ ಡಬ್ಬಿ ಕೊಳ್ಳುವ ಬದಲು ಒಂದು ಮಣ್ಣು, ಒಂದು ಪಾರದರ್ಶಕ ಕೂಟ, ಒಂದು ಉರಿಯ ಕ್ರಮ ಹಿಡಿದು ಒಂದು ವರ್ಷ ಅದರಲ್ಲೇ ಪಳಗುವುದು ಲೇಸು. ಪ್ರತಿ ಸುಡುವಿಕೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ: ತೂಕ, ಲೇಪದ ದಪ್ಪ, ಕೋನ್ ಬಾಗಿದ ಬಗೆ, ತಣಿದ ಹೊತ್ತು. ಇಷ್ಟು ಶಿಸ್ತಿಗೆ ದೊಡ್ಡ ಕಾರ್ಖಾನೆಯೂ ಬೇಡ, ದೊಡ್ಡ ಬಂಡವಾಳವೂ ಬೇಡ. ಕರೆಂಟಿನ ಒಂದು ಕಿಲ್ನ್, ಒಂದು ತಕ್ಕಡಿ, ಒಂದು ಜರಡಿ ಇರುವ ಯಾವ ಬೀದಿಯ ಮನೆಯಲ್ಲೂ, ಯಾರು ಬೇಕಾದರೂ ನಂಬಿ ಉಣ್ಣಬಹುದಾದ ಬಟ್ಟಲು ಮಾಡಬಹುದು. ಮಧ್ಯಮ ಉರಿಯನ್ನು ನಾನು ಎತ್ತಿ ಹಿಡಿಯುವುದು ಈ ಕಾರಣಕ್ಕೆ.